ಗೆರಟೆಯ ಕೆಳಗಿನ ಅಕ್ಕಿ: ಮಂಗಳೂರು ಮುತ್ತಿಗೆಯನ್ನು ಆಟವಾಗಿಸುವುದು ಹೇಗೆ?

ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಕೆಳಗಿಳಿಸಿ ಆಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಣೆಯಲ್ಲಿ 14 ಗುಳಿ, ಗುಳಿಗೆ 4ರಂತೆ ಮಂಜೊಟ್ಟಿ ಬೀಜ. ಈ ಸಲ ಅದೇ ಮಂಜೊಟ್ಟಿ ಹಿಡಿದು ನಮ್ಮೂರಿನ ಇತಿಹಾಸವನ್ನೇ ಆಡಿ ನೋಡಿ.

ಮೊದಲು ಒಂದು ಪ್ರಶ್ನೆ ಹಿಡಿಯಿರಿ

ಇಡೀ ಮೈಸೂರು ಯುದ್ಧವನ್ನು ಆಟ ಮಾಡಲು ಹೋದರೆ ಅದು ಮುಗಿಯುವುದೇ ಇಲ್ಲ. ಒಂದು ಊರು, ಕೆಲವು ತಿಂಗಳು ಸಾಕು. ನಾನು ಆರಿಸಿಕೊಂಡದ್ದು ಮಂಗಳೂರು ಮುತ್ತಿಗೆಯನ್ನು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಇಲ್ಲಿನ ಕೋಟೆಯನ್ನು ಸುತ್ತುವರಿದರು. ಒಳಗಿದ್ದದ್ದು ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಪಡೆ. ಅವರು ಶರಣಾದದ್ದು 1784ರ ಜನವರಿ 30ರಂದು. ಅವರನ್ನು ಮಣಿಸಿದ್ದು ಫಿರಂಗಿಗಿಂತ ಹೆಚ್ಚಾಗಿ ಹಸಿವು ಮತ್ತು ಕಾಯಿಲೆ. ಹಾಗಾಗಿ ಆಟದ ಪ್ರಶ್ನೆ ಇಷ್ಟೇ: ಇರುವ ಅಕ್ಕಿಯಲ್ಲಿ ಎಷ್ಟು ತಿಂಗಳು ತಳ್ಳಬಹುದು? ಈ ಪ್ರಶ್ನೆಗೆ ಸಂಬಂಧವಿಲ್ಲದ ನಿಯಮ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ಎರಡು ಕಡೆಗೂ ಒಂದೇ ಬಲ ಬೇಡ

ಹುಲಿ-ಕುರಿ ಆಟ ನೆನಪಿದೆ ಅಲ್ವಾ? 3 ಹುಲಿ, 15 ಕುರಿ. ಒಂದರ ನಡೆ ಇನ್ನೊಂದಕ್ಕಿಲ್ಲ. ಮುತ್ತಿಗೆಯೂ ಹಾಗೆಯೇ.

ಕೋಟೆಯವರಿಗೆ 12 ಅಂಗಿ ಗುಂಡಿ ಕೊಡಿ, ಅವರು ಸೈನಿಕರು. 24 ಮಂಜೊಟ್ಟಿ, ಅದು ಅಕ್ಕಿ. 5 ಬೆಂಕಿಪೊಟ್ಟಣ, ಅದು ಗೋಡೆ. ಟಿಪ್ಪು ಕಡೆಯವರಿಗೆ 10 ಹುಣಸೆ ಬೀಜ, ಅದು ಫಿರಂಗಿಯ ಮದ್ದು. ನಕಾಶೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಪಡುವಣಕ್ಕೆ ಕಡಲು, ಬಡಗಿನಿಂದ ಗುರುಪುರ ಹೊಳೆ, ತೆಂಕಿನಿಂದ ನೇತ್ರಾವತಿ, ನಡುವೆ ಕೋಟೆ. ಬದಿಯಲ್ಲಿ ಮೇಯಿಂದ ಜನವರಿವರೆಗೆ 9 ಮನೆ ಬರೆಯಿರಿ. ಒಂದು ಸುತ್ತಿಗೆ ಒಂದು ತಿಂಗಳು.

ಅಕ್ಕಿಯ ಲೆಕ್ಕ

ಆಟದ ಜೀವ ಇರುವುದು ಇಲ್ಲಿ. ಪ್ರತಿ ತಿಂಗಳು ಕೋಟೆಯವರು ಹೊಟ್ಟೆತುಂಬ ಉಣ್ಣಬಹುದು, ಆಗ 4 ಮಂಜೊಟ್ಟಿ ಹೋಗುತ್ತದೆ. ಅರೆಹೊಟ್ಟೆಯಾದರೆ 2 ಸಾಕು. ಆದರೆ ಕಾಯಿಲೆಗೆ ಒಬ್ಬ ಸೈನಿಕ ಹೋಗುತ್ತಾನೆ. ಅಕ್ಕಿಯೇ ಇಲ್ಲದ ತಿಂಗಳಲ್ಲಿ ಮೂವರು. ಲೆಕ್ಕ ಹಾಕಿ ನೋಡಿ: 24ರಲ್ಲಿ 9 ತಿಂಗಳು ಕಳೆಯಬೇಕಾದರೆ ಮೂರೇ ತಿಂಗಳು ಹೊಟ್ಟೆ ತುಂಬುತ್ತದೆ, ಉಳಿದ ಆರು ತಿಂಗಳು ಅರೆಹೊಟ್ಟೆ.

ಮಂಜೊಟ್ಟಿಯ ಮೇಲೆ ಒಂದು ತೆಂಗಿನ ಗೆರಟೆ ಮುಚ್ಚಿಡಿ. ಎಷ್ಟು ಉಳಿದಿದೆ ಎಂದು ಟಿಪ್ಪು ಕಡೆಯವರಿಗೆ ಕಾಣಬಾರದು. ಈ ಒಂದು ಗೆರಟೆ ಆಟವನ್ನೇ ಬದಲಿಸಿಬಿಡುತ್ತದೆ. ಎದುರಿನವರು ನಕಾಶೆ ಬಿಟ್ಟು ನಿಮ್ಮ ಮುಖ ನೋಡಲು ಶುರು ಮಾಡುತ್ತಾರೆ.

ದಾಳ ಮತ್ತು ಮಳೆ

ಟಿಪ್ಪು ಕಡೆಯವರು ತಿಂಗಳಿಗೆ ಎರಡು ಸಲದವರೆಗೆ ಫಿರಂಗಿ ಹೊಡೆಯಬಹುದು. ಒಂದೊಂದು ಸಲಕ್ಕೂ ಒಂದು ಹುಣಸೆ ಬೀಜ ಖರ್ಚು, ಎರಡು ದಾಳ ಒಟ್ಟಿಗೆ. 8 ಅಥವಾ ಜಾಸ್ತಿ ಬಿದ್ದರೆ ಒಂದು ಬೆಂಕಿಪೊಟ್ಟಣ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 10 ಅಥವಾ ಜಾಸ್ತಿ ಬೀಳಬೇಕು, ಏಕೆಂದರೆ ಮದ್ದು ತೇವವಾಗುತ್ತದೆ, ತೋಡಿದ ಕಂದಕದಲ್ಲಿ ನೀರು ನಿಲ್ಲುತ್ತದೆ. ಎರಡು ದಾಳ 36 ರೀತಿ ಬೀಳಬಹುದು. ಅದರಲ್ಲಿ 8 ಅಥವಾ ಮೇಲೆ ಬರುವುದು 15 ಸಲ, 10 ಅಥವಾ ಮೇಲೆ ಬರುವುದು 6 ಸಲ ಮಾತ್ರ. ಕರಾವಳಿಯ ಮಳೆ ಏನು ಮಾಡುತ್ತದೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಜುಲೈ ಬಂದಾಗ ಟಿಪ್ಪು ಕಡೆಯಿಂದ 2 ಹುಣಸೆ ಬೀಜ ತೆಗೆಯಿರಿ. ಯುರೋಪಿನಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಸಂಧಿಯಾದ ಸುದ್ದಿ ಬಂದು, ಅವರ ಜತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಆಗಸ್ಟಿನಿಂದ ಇಬ್ಬರೂ ಒಪ್ಪಿದರೆ ಕದನವಿರಾಮ. ಆ ತಿಂಗಳು ದಾಳವಿಲ್ಲ, ಟಿಪ್ಪುವಿಗೆ 2 ಬೀಜ ವಾಪಸು. ಕೋಟೆಗೆ ಮಂಜೊಟ್ಟಿ 1 ಕೊಡಬೇಕೋ 2 ಕೊಡಬೇಕೋ ಎಂಬುದು ಟಿಪ್ಪು ಕಡೆಯವರ ಇಷ್ಟ.

ಗೆಲುವು ಯಾರದ್ದು?

ಹಿಡಿದು ನಿಂತ ಪ್ರತಿ ತಿಂಗಳಿಗೆ ಕೋಟೆಯವರಿಗೆ 2 ಅಂಕ, ಉಳಿದ ಪ್ರತಿ ಸೈನಿಕನಿಗೆ 1 ಅಂಕ. 22 ಆದರೆ ಗೆಲುವು. ಯಾವ ತಿಂಗಳ ಕೊನೆಯಲ್ಲಾದರೂ ಶರಣಾಗಿ ಲೆಕ್ಕ ಮಾಡಿಸಬಹುದು. ಐದೂ ಬೆಂಕಿಪೊಟ್ಟಣ ಹೋದರೆ ಮಾತ್ರ ಸೈನಿಕರ ಅಂಕ ಸೊನ್ನೆ.

ತಮ್ಮನ ಮಗಳು ಕ್ಯಾಂಪ್‌ಬೆಲ್ ಕಡೆಯಿಂದ ಆಡಿದ್ದಳು. ನವೆಂಬರ್ ಮನೆಗೆ ಬಂದಾಗ ಗೋಡೆ ಒಂದೇ ಉಳಿದಿತ್ತು. ಗುಂಡಿಗಳನ್ನು ಒಂದೊಂದಾಗಿ ಎಣಿಸಿ, "ಅತ್ತೆ, ಈಗ ಶರಣಾದರೆ ಇವರೆಲ್ಲ ಮನೆಗೆ ಹೋಗ್ತಾರಲ್ಲ?" ಎಂದು ಕೇಳಿದಳು. ನಿಜವಾದ ಕ್ಯಾಂಪ್‌ಬೆಲ್‌ಗೂ ಉಳಿದಿದ್ದವರನ್ನು ಮರ್ಯಾದೆಯಿಂದ ಹೊರಗೆ ಕರೆದೊಯ್ಯುವ ಅವಕಾಶ ಸಿಕ್ಕಿತ್ತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ, ಗೆದ್ದ ನೆಲವನ್ನು ಎರಡೂ ಕಡೆಯವರು ಬಿಟ್ಟುಕೊಟ್ಟರು. ಆದರೆ ಅದೇ ವರ್ಷ ಟಿಪ್ಪು ಕಡೆಯವರು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅದನ್ನು ಅಂಕವಾಗಿ ಮಾಡಬೇಡಿ. ಆಟ ಮುಗಿದ ಮೇಲೆ ಮಕ್ಕಳಿಗೆ ಕೂರಿಸಿ ಹೇಳಿ.

ಆಡಿ, ತಿದ್ದಿ

ನನ್ನ ಮೊದಲ ಆಟದಲ್ಲಿ ಎಲ್ಲ ತಿಂಗಳೂ 7 ಬಿದ್ದರೆ ಸಾಕು ಎಂದಿಟ್ಟಿದ್ದೆ. ಆಗಸ್ಟಿನೊಳಗೆ ಕೋಟೆ ಬಿತ್ತು. ಎಷ್ಟಾದರೂ 36ರಲ್ಲಿ 21 ಸಲ ಬರುವ ಅಂಕಿ ಅದು. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಪ್ರತಿ ಆಟದ ಬಳಿಕ ಕಡೆ ಬದಲಿಸಿಕೊಳ್ಳಿ, ಕೋಟೆ ಯಾವ ತಿಂಗಳಲ್ಲಿ ಬಿತ್ತು ಎಂದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ. ಹತ್ತು ಆಟದಲ್ಲಿ ಎಂಟನ್ನು ಒಂದೇ ಕಡೆ ಗೆದ್ದರೆ, ಮೊದಲು ಮಂಜೊಟ್ಟಿಯ ಎಣಿಕೆಯನ್ನು ಮುಟ್ಟಿ ನೋಡಿ. 24 ಇದ್ದದ್ದನ್ನು 26 ಮಾಡಿ, ಇಲ್ಲವೇ 22.