ಬೀಜಿಂಗಿನ ಗೋದಾಮಿನಲ್ಲಿ ಶೆನ್ಯಾಂಗ್‌ನ ಬಿಸಿಲು

ಮೈಸೂರಿನಲ್ಲಿ ನಾಟಕಗಳಿಗೆ ಬೆಳಕು ಮಾಡಿಕೊಂಡಿದ್ದವನು ನಾನು. ಹೆಂಡತಿಯ ಕೆಲಸದ ದೆಸೆಯಿಂದ ಕೆಲವು ವರ್ಷ ಬೀಜಿಂಗಿನಲ್ಲಿದ್ದಾಗ ಒಬ್ಬ ಫೋಟೊಗ್ರಾಫರ್ ಹುಡುಗಿಯ ಪರಿಚಯವಾಯಿತು. ತೊಂಬತ್ತರ ದಶಕದಲ್ಲಿ ಹುಟ್ಟಿದವಳು, ಬೆಳೆದದ್ದು ಈಶಾನ್ಯದ ಶೆನ್ಯಾಂಗ್ ನಗರದ ಥಿಯೆಶಿ ಎಂಬ ಕೈಗಾರಿಕಾ ಜಿಲ್ಲೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಆ ಮನೆಯನ್ನು ಕೆಡವಿ ಎಷ್ಟೋ ಕಾಲವಾಗಿದೆ. ಅಪ್ಪನೂ ಇಲ್ಲ. ಆಲ್ಬಮ್ಮಿನಲ್ಲಿ ಹಬ್ಬದ ದಿನ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊಗಳಿದ್ದವು, ಆದರೆ ಯಾವುದೋ ಒಂದು ಮಾಮೂಲಿ ಮಧ್ಯಾಹ್ನ ಆ ಮನೆ ಹೇಗಿತ್ತು ಎಂದು ತೋರಿಸುವ ಒಂದೂ ಇರಲಿಲ್ಲ. ಆ ಮಧ್ಯಾಹ್ನಗಳನ್ನು ಸೆಟ್ ಹಾಕಿ ತೆಗೆಯಬೇಕೆಂದು ಅವಳ ಹಟ. ನನಗೆ ಬೆಳಕಿನ ಕೆಲಸ, ಜೊತೆಗೆ ಸೆಟ್ಟಿಗೆ ಬೇಕಾದ ಸಾಮಾನು ಹೊಂದಿಸುವ ಕೆಲಸ.

ಚೀನಾದಲ್ಲಿ ಈ ದಾರಿ ಹೊಸದೇನಲ್ಲ. ವಾಂಗ್ ಛಿಂಗ್‌ಸೊಂಗ್ ದೊಡ್ಡ ಸ್ಟುಡಿಯೊಗಳಲ್ಲಿ ಸಿನಿಮಾದವರ ಹಾಗೆ ಸೆಟ್ ಹಾಕಿ, ಜನ ಸೇರಿಸಿ ಫೋಟೊ ತೆಗೆಯುತ್ತಾರೆ. ಸೊಂಗ್ ದೊಂಗ್ 2005ರಲ್ಲಿ ತನ್ನ ತಾಯಿ ಜೀವಮಾನವಿಡೀ ಎಸೆಯದೆ ಕೂಡಿಟ್ಟ ಹತ್ತು ಸಾವಿರಕ್ಕೂ ಹೆಚ್ಚು ಸಾಮಾನುಗಳನ್ನು, ಸೋಪಿನ ತುಂಡು, ಬಾಟಲಿ ಮುಚ್ಚಳ ಸಹಿತ, ತಾಯಿಯ ಜೊತೆ ಸೇರಿಯೇ ಬೀಜಿಂಗಿನಲ್ಲಿ ಜೋಡಿಸಿ ಪ್ರದರ್ಶನಕ್ಕಿಟ್ಟರು. ಇತ್ತೀಚಿನವರಲ್ಲಿ ಶೂ ಗುವಾನ್ಯು ಅಪ್ಪ ಅಮ್ಮ ಹೊರಗೆ ಹೋದಾಗ ಅವರದೇ ಬೀಜಿಂಗಿನ ಮನೆಯ ತುಂಬ ತನ್ನ ಫೋಟೊಗಳನ್ನು ತೂಗುಹಾಕಿ, ಆ ಕೋಣೆಗಳ ಚಿತ್ರ ತೆಗೆದು, ಅವರು ಬರುವ ಮೊದಲೇ ಎಲ್ಲ ಬಿಚ್ಚಿಡುತ್ತಿದ್ದ. ಅವನು ಸಲಿಂಗಿ ಅನ್ನುವುದು ಮನೆಯವರಿಗೆ ತಿಳಿದಿರಲಿಲ್ಲ. ನಮ್ಮ ಹುಡುಗಿಗೆ ಮೂವರಲ್ಲಿ ಸೊಂಗ್ ದೊಂಗ್ ಹತ್ತಿರ. ತಾಯಿಯನ್ನು ಹೊರಗಿಟ್ಟು ಈ ಕೆಲಸ ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಊರ ಹೊರಗೆ ಒಂದು ಗೋದಾಮು ಬಾಡಿಗೆಗೆ ಹಿಡಿದು ಪ್ಲೈವುಡ್ ಹಲಗೆಗಳಲ್ಲಿ ಮೂರು ಗೋಡೆ ಎಬ್ಬಿಸಿದೆವು. ಆ ಕಾಲದ ಎಷ್ಟೋ ಚೀನೀ ಮನೆ, ಶಾಲೆ, ಆಸ್ಪತ್ರೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಹಸಿರು ಆಯಿಲ್ ಪೇಂಟ್, ಮೇಲಕ್ಕೆ ಸುಣ್ಣ. ಹಸಿರು ಎಲ್ಲಿಯವರೆಗೆ ಅನ್ನುವಲ್ಲೇ ಮೊದಲ ಜಗಳ. ಮನೆ ಪೂರ್ತಿ ಹಸಿರಾಗಿತ್ತು ಎಂದು ಮಗಳು. ಅರ್ಧವೂ ಇರಲಿಲ್ಲ, ಪೇಂಟಿಗೆ ದುಡ್ಡು ಕೊಟ್ಟವಳು ನಾನು, ಎಂದು ಅಮ್ಮ. ಅಮ್ಮನ ಮಾತಿನಂತೆ 1.2 ಮೀಟರಿಗೆ ಗೆರೆ ಎಳೆದು ಪೇಂಟ್ ಮಾಡಿದೆವು. ಆಮೇಲೆ ಮಗಳು ಟ್ರೈಪಾಡನ್ನು ಇಳಿಸಿ ಲೆನ್ಸನ್ನು ನೆಲದಿಂದ ಒಂದು ಮೀಟರಿಗೆ ತಂದಳು. ಆರು ವರ್ಷದ ಮಗುವಿನ ಕಣ್ಣು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಗೆರೆ ಕಣ್ಣಿಗಿಂತ ಮೇಲಕ್ಕೆ ಹೋಯಿತು, ಮಂಚ, ಮೇಜು, ಅಮ್ಮನ ಬೆನ್ನು ಎಲ್ಲದರ ಹಿಂದೆ ಹಸಿರು ಬಿಟ್ಟರೆ ಬೇರೇನೂ ಇಲ್ಲ. ನೆನಪಿನ ಸೆಟ್ಟಿನಲ್ಲಿ ನಿಖರವಾಗಿ ಅಳೆಯಬೇಕಾದ್ದು ಸಾಮಾನಿಗಿಂತ ಹೆಚ್ಚಾಗಿ ಕಣ್ಣಿನ ಎತ್ತರ ಮತ್ತು ಬೆಳಕು ಬರುವ ಕೋನ ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ. ನಾಲ್ಕು ಇಂಚು ಅಗಲ ಐದು ಇಂಚು ಉದ್ದದ ಬಿಡಿ ಫಿಲ್ಮ್ ಹಾಳೆ ಹಾಕುವ ದೊಡ್ಡ ಕ್ಯಾಮೆರಾ ಆದ್ದರಿಂದ ಬಾಡಿಯನ್ನು ವಾಲಿಸದೆ ಲೆನ್ಸ್ ಮಾತ್ರ ಮೇಲಕ್ಕೆ ಸರಿಸಬಹುದಿತ್ತು. ಗೋಡೆಗಳು ನೆಟ್ಟಗೇ ನಿಂತವು.

ಸಾಮಾನಿನ ವಿಚಾರದಲ್ಲಿ ಅವಳದು ಒಂದೇ ನಿಯಮ. ಅಮ್ಮ ಯಾವುದನ್ನು ಕಂಡು ಏನೂ ಮಾತಾಡುವುದಿಲ್ಲವೋ ಅದು ಸೆಟ್ಟಿನಿಂದ ಹೊರಗೆ. ನಾನು ಪಾನ್‌ಜಿಯಾಯುವಾನ್ ಹಳೇ ಸಾಮಾನಿನ ಸಂತೆಯಿಂದ ತಂದ ಎನಾಮಲ್ ಮಗ್ಗು ಹೀಗೇ ಹೊರಬಿತ್ತು. ಬೀಜಿಂಗಿನಲ್ಲಿ ಹಳೆಯ ಕಾಲದ ಥೀಮಿನ ಯಾವ ಹೋಟೆಲಿಗೆ ಹೋದರೂ ಅದೇ ಮಗ್ಗು, ಅದೇ ಫೀನಿಕ್ಸ್ ಸೈಕಲ್, ಅದೇ ಪೋಸ್ಟರು. ಅವು ಎಲ್ಲರವೂ ಹೌದು, ಯಾರವೂ ಅಲ್ಲ. ಪಿಯೋನಿ ಹೂವಿನ ಥರ್ಮಾಸ್ ಒಂದು ಉಳಿಯಿತು, ಅದರ ಬಿರಡೆಯಿಂದ ಚಿಕ್ಕಂದಿನಲ್ಲಿ ಮಗಳ ಬೆರಳು ಸುಟ್ಟ ಕತೆ ಅಮ್ಮನ ಬಾಯಿಂದ ತಾನಾಗಿ ಬಂತು. ಹೆಚ್ಚಿನ ಸಾಮಾನು ಸಿಕ್ಕಿದ್ದು ಶಿಯಾನ್‌ಯು ಎಂಬ ಸೆಕೆಂಡ್ ಹ್ಯಾಂಡ್ ಆ್ಯಪಿನಲ್ಲಿ, ಮತ್ತು ಶೆನ್ಯಾಂಗ್‌ನ ನೆಂಟರ ಬಾಲ್ಕನಿಗಳಲ್ಲಿ.

ಇನ್ನು ನನ್ನ ಬೆಳಕು. ಮೈಸೂರಿನಲ್ಲಿ ಡಿಸೆಂಬರ್ ಕೊನೆಯಲ್ಲೂ ನಡುಮಧ್ಯಾಹ್ನದ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಶೆನ್ಯಾಂಗ್ ಇರುವುದು 42 ಡಿಗ್ರಿ ಅಕ್ಷಾಂಶದ ಹತ್ತಿರ, ಅಲ್ಲಿ ಅದೇ ಹೊತ್ತಿಗೆ 25 ಡಿಗ್ರಿ ದಾಟುವುದಿಲ್ಲ. ಬಿಸಿಲು ಕಿಟಕಿಯಿಂದ ಓರೆಯಾಗಿ ತೂರಿ ಕೋಣೆಯ ಒಳಗೋಡೆಯ ತನಕ ಬರುತ್ತದೆ. ಲೆಕ್ಕ ಸುಲಭ: ಬಿಸಿಲು ನೆಲಕ್ಕೆ ಬೀಳಬೇಕಾದ ಜಾಗದಿಂದ ದೀಪ 6 ಮೀಟರ್ ದೂರವಿದ್ದರೆ 2.8 ಮೀಟರ್ ಎತ್ತರ ಸಾಕು. ಮೈಸೂರಿನ ಸೂರ್ಯನಿಗೆ ಅದೇ ದೂರದಲ್ಲಿ 8 ಮೀಟರಿಗೂ ಮೇಲೆ ಏರಿಸಬೇಕಾಗುತ್ತಿತ್ತು, ಆ ಗೋದಾಮಿಗೆ ಅಷ್ಟು ಎತ್ತರದ ಮಾಡೇ ಇರಲಿಲ್ಲ. ಹಳದಿ ಬೆಳಕಿನ, ಎರಡು ಕಿಲೋವಾಟಿನ ಫ್ರೆನೆಲ್ ಎಂಬ ನಾಟಕದ ದೀಪ, ಮುಂದೆ ಅರ್ಧ ನೀಲಿ ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ. ಪೂರ್ತಿ ನೀಲಿ ಹಾಕಿದರೆ ಹಗಲಿನ ಬೆಳಕಿಗೆಂದು ಮಾಡಿದ ಡೇಲೈಟ್ ಫಿಲ್ಮಿಗೆ ಬಣ್ಣ ಸರಿಹೋಗುತ್ತದೆ, ಆದರೆ ಚಳಿಗಾಲದ ಇಳಿಬಿಸಿಲಿನ ಹಳದಿ ಮಾಯವಾಗುತ್ತದೆ.

ಕಿಟಕಿಯ ಮೇಲೆ ಮಂಜು ಹೆಪ್ಪುಗಟ್ಟಿರಬೇಕಿತ್ತು. ಎಪ್ಸಮ್ ಉಪ್ಪನ್ನು ಬಿಯರಿನಲ್ಲಿ ಇನ್ನು ಕರಗದು ಅನ್ನುವಷ್ಟು ಕರಗಿಸಿ ಬ್ರಷ್ಷಿನಿಂದ ಗಾಜಿಗೆ ಬಳಿದರೆ, ಒಣಗುತ್ತಾ ಹರಳುಗಟ್ಟಿ ಎಲೆ ಎಲೆಯಾಗಿ ಹರಡುತ್ತದೆ. ರಂಗಭೂಮಿಯ ಹಳೇ ಉಪಾಯ, ಮೈಸೂರಿನಲ್ಲಿ ಹಿಮ ಬೇಕೆನ್ನುವ ನಾಟಕ ಎಲ್ಲಿ ಬರಬೇಕು, ಮೊದಲ ಸಲ ಉಪಯೋಗಕ್ಕೆ ಬಂತು. ಅಮ್ಮ ನೋಡಿ, ಚೆನ್ನಾಗಿದೆ, ಆದರೆ ಕಾಗದ ಎಲ್ಲಿ ಎಂದು ಕೇಳಿದರು. ಈಶಾನ್ಯದ ಮನೆಗಳಲ್ಲಿ ಚಳಿಗಾಲಕ್ಕೆ ಮುಂಚೆ ಕಿಟಕಿಯ ಸಂದುಗಳಿಗೆಲ್ಲ ಗಾಳಿ ನುಗ್ಗದಂತೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಹಿಟ್ಟಿನ ಗೋಂದು ಕುದಿಸಿ ಅವರೇ ಅಂಟಿಸಿದರು, ನಾವು ಯಾರು ಮಾಡಿದ್ದರೂ ಅಷ್ಟು ಬೇಗ, ಅಷ್ಟು ಸೊಟ್ಟಗೆ ಬರುತ್ತಿರಲಿಲ್ಲ.

ಸರಣಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಗ್ಲೌಸಿನ ಚಿತ್ರ. ಸರ್ಕಾರಿ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಹತ್ತಿ ನೂಲಿನ ಬಿಳಿ ಗ್ಲೌಸು ಕೊಡುತ್ತಿದ್ದರು. ಜನ ಹರಿದವನ್ನೇ ಹಾಕಿಕೊಂಡು ಕೆಲಸ ಮಾಡಿ ಹೊಸವನ್ನು ಮನೆಗೆ ತರುತ್ತಿದ್ದರು. ಹೆಂಗಸರು ಅದನ್ನು ಬಿಚ್ಚಿ ನೂಲು ತೆಗೆದು ಮಕ್ಕಳಿಗೆ ಸ್ವೆಟರ್ ಹೆಣೆಯುತ್ತಿದ್ದರು. ಒಂದು ಸ್ವೆಟರಿಗೆ ಎಷ್ಟೋ ಜೊತೆ ಬೇಕು, ಕೂಡಿಡಬೇಕು. ಈಗಿನ ಎಷ್ಟೋ ಗ್ಲೌಸುಗಳಲ್ಲಿ ಪಾಲಿಯೆಸ್ಟರ್ ಬೆರಕೆ. ನಾನು ತಂದ ಕಟ್ಟುಗಳಿಂದ ಅಮ್ಮ ಒಂದೊಂದು ಎಳೆ ಎಳೆದು ಲೈಟರ್ ತಾಗಿಸಿದರು. ಕರಗಿ ಕರಿ ಗುಂಡಾದರೆ ಆ ಕಟ್ಟು ಪಕ್ಕಕ್ಕೆ, ಬೂದಿಯಾಗಿ ಉದುರಿದರೆ ಮಡಿಲಿಗೆ. ಆಮೇಲೆ ಮಣಿಕಟ್ಟಿನ ಅಂಚು ಕತ್ತರಿಸಿ ಎಳೆಯ ತಲೆ ಹುಡುಕಿ ಎಳೆಯತೊಡಗಿದರೆ, ಸುಕ್ಕುಸುಕ್ಕಾದ ನೂಲು ಒಂದೇ ಸಮನೆ ಬರುತ್ತಿತ್ತು. ಅದನ್ನು ತೊಳೆದು, ಒಣಗಿಸಿ, ಲಡಿ ಮಾಡಿ, ಎದುರಿಗೊಬ್ಬರ ಎರಡೂ ಕೈಗೆ ಹಾಕಿ ಉಂಡೆ ಸುತ್ತಬೇಕು.

ಆ ಕೈ ಯಾರದು? ತನ್ನದು ಎಂದು ಮಗಳು. "ನಿನಗೆ ಒಂದು ಕಡೆ ನಿಲ್ಲುವ ತಾಳ್ಮೆ ಎಲ್ಲಿತ್ತು? ಹಿಡೀತಿದ್ದದ್ದು ನಿಮ್ಮಪ್ಪ," ಅಂದರು ಅಮ್ಮ. ಅಪ್ಪ ಕಾರ್ಖಾನೆಯಿಂದ ಬರುತ್ತಿದ್ದದ್ದೇ ರಾತ್ರಿ, ಮಧ್ಯಾಹ್ನ ಹೇಗೆ ಹಿಡಿಯುತ್ತಾರೆ ಎಂದು ಇವಳು. ಸ್ವಲ್ಪ ಹೊತ್ತು ಬಿಟ್ಟು ಅಮ್ಮನೇ ಹೇಳಿದರು, ಕೆಲಸ ಹೋದ ಮೇಲೆ ಮಧ್ಯಾಹ್ನವೂ ಮನೆಯಲ್ಲೇ ಇರುತ್ತಿದ್ದರಲ್ಲ. 1998ರಿಂದ 2003ರ ನಡುವೆ ಚೀನಾದ ಸರ್ಕಾರಿ ಉದ್ದಿಮೆಗಳಿಂದ ಎರಡೂವರೆ ಕೋಟಿಗೂ ಹೆಚ್ಚು ಜನರನ್ನು ಮನೆಗೆ ಕಳಿಸಿದರು, ಥಿಯೆಶಿಗೆ ಬಿದ್ದ ಪೆಟ್ಟು ದೊಡ್ಡದು. ಅವಳಪ್ಪ ಲೇಥ್ ನಡೆಸುತ್ತಿದ್ದವರು. ಕೊನೆಯ ಕಟ್ಟು ಗ್ಲೌಸು ತಂದದ್ದೂ ಆ ವರ್ಷಗಳಲ್ಲೇ.

ಎರಡು ಥರ ತೆಗೆದೆವು. ಒಂದರಲ್ಲಿ ಮಗಳು, ಈಗಿನ ವಯಸ್ಸಿನಲ್ಲೇ, ಪುಟ್ಟ ಸ್ಟೂಲಿನ ಮೇಲೆ ಕೂತು ಲಡಿ ಹಿಡಿದಿದ್ದಾಳೆ. ಇನ್ನೊಂದರಲ್ಲಿ ಅಮ್ಮ ಹೇಳಿದ ಜಾಗದಲ್ಲಿ ತಲೆಕೆಳಗಾದ ಸ್ಟೂಲು, ಅದರ ಕಾಲುಗಳಿಗೆ ನೂಲು. ಹಿಡಿಯುವವರಿಲ್ಲದಾಗ ಎಲ್ಲರೂ ಮಾಡುವುದು ಹಾಗೆಯೇ. ನೋಡಿದವರು ಸ್ಟೂಲಿನ ಚಿತ್ರವನ್ನು ಮೆಚ್ಚುತ್ತಾರೆ. ನನಗೆ ಅದು ಸ್ವಲ್ಪ ಜಾಣತನ ಅನ್ನಿಸುತ್ತದೆ, ಅಪ್ಪ ಇಲ್ಲ ಎಂದು ಬೆರಳು ಮಾಡಿ ತೋರಿಸಿದ ಹಾಗೆ. ಮೊದಲನೆಯದರಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 32ರಷ್ಟು ಚಿಕ್ಕದು ಮಾಡಿ ನಾಲ್ಕು ಸೆಕೆಂಡ್ ತೆರೆದಿಟ್ಟ ಶಟರಿನಲ್ಲಿ ಗೋಡೆ, ಗಾಜಿನ ಹರಳು, ಥರ್ಮಾಸಿನ ಹೂವು ಎಲ್ಲ ಸೂಜಿಯಷ್ಟು ಚೂಪು. ಎಷ್ಟೋ ಹೊತ್ತಿನಿಂದ ಎತ್ತಿ ಹಿಡಿದ ಕೈ ಮಾತ್ರ ನಡುಗಿ, ನೂಲು ಹೊಗೆಯಂತೆ ಕಲಸಿಹೋಗಿದೆ. ಅಮ್ಮ ಪ್ರಿಂಟ್ ನೋಡಿ, ನೋಡಿದೆಯಾ, ತಾಳ್ಮೆ ಇಲ್ಲ ಅಂದೆನಲ್ಲ, ಅಂದರು. ಪ್ರದರ್ಶನದಲ್ಲಿ ಎರಡನ್ನೂ ಎದುರುಬದುರು ಗೋಡೆಗೆ ಹಾಕಿದಳು, ಒಟ್ಟಿಗೆ ಕಾಣದ ಹಾಗೆ.

ಮುಂದಿನದು ಕಾರ್ಖಾನೆಯ ಸಾಮೂಹಿಕ ಸ್ನಾನದ ಮನೆ. ನಾನೀಗ ಮೈಸೂರಿಗೆ ವಾಪಸು ಬಂದಿದ್ದೇನೆ, ಲೈಟಿಂಗ್ ಪ್ಲಾನು ಫೋನಿನಲ್ಲೇ ನಡೆಯುತ್ತಿದೆ. ನಾಟಕಕ್ಕೆ ಬಳಸುವ ಫಾಗ್ ಮಶೀನಿನ ಹೊಗೆ ತೆಳ್ಳಗೆ ಹರಡಿ ತೇಲುತ್ತದೆ, ಬಿಸಿನೀರಿನ ಆವಿಯ ಹಾಗೆ ಮೇಲಕ್ಕೆ ಏಳುವುದಿಲ್ಲ. ನಿಜವಾಗಿ ನೀರು ಕುದಿಸಿದರೆ ಲೆನ್ಸಿನ ಮೇಲೆ ಬೆವರು ಕೂರುತ್ತದೆ. ಲೆನ್ಸನ್ನು ಮೊದಲೇ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಹಿಂದಿನಿಂದ ಬೆಳಕು ಕೊಡು ಎಂದಿದ್ದೇನೆ. ಅಮ್ಮನನ್ನು ಕೇಳಿದರೆ, ಅಲ್ಲಿ ಏನೂ ಕಾಣಿಸುತ್ತಲೇ ಇರಲಿಲ್ಲ, ಅದರ ಫೋಟೊ ಯಾಕೆ, ಅನ್ನುತ್ತಾರಂತೆ.