ಮೊದಲು ಫೈಲು, ಆಮೇಲೆ ತಂತ್ರಾಂಶ, ಕಡೆಗೆ ಲಿನಕ್ಸ್

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗಿನಿಂದ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಯಾವ ಲಿನಕ್ಸ್ ಹಾಕಿಕೊಳ್ಳಲಿ?" ಲಿನಕ್ಸ್ ಎಂದರೆ ವಿಂಡೋಸಿನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ, ಅದರಲ್ಲಿ ಹಲವು ಬಗೆ. ಉಬುಂಟುವೋ, ಮಿಂಟೋ, ಫೆಡೋರಾವೋ ಎಂದು ಹೆಸರು ಹೇಳುವ ಮೊದಲು ನಾನು ಅವರನ್ನು ಕೇಳುವುದು ಬೇರೆಯೇ. ನಿಮ್ಮ ಫೈಲುಗಳು ಯಾವ ಫಾರ್ಮ್ಯಾಟಿನಲ್ಲಿವೆ? ಆ ಫೈಲುಗಳನ್ನು ಬರೆದ ತಂತ್ರಾಂಶ ನಾಳೆ ಸಿಗದಿದ್ದರೆ ಅವನ್ನು ತೆರೆಯಲು ಇನ್ನೊಂದು ದಾರಿ ಇದೆಯೇ?

ಇದು ಗೊತ್ತಿಲ್ಲದೆ ಆಪರೇಟಿಂಗ್ ಸಿಸ್ಟಂ ಬದಲಾಯಿಸಿದವರು ಬಹುಪಾಲು ಹಿಂದಿರುಗುತ್ತಾರೆ. ನಾನು ನೋಡಿದಂತೆ ಹಾಗೆ ಮರಳಿದವರಲ್ಲಿ ಲಿನಕ್ಸಿನ ಮೇಲೆ ಬೇಸರಪಟ್ಟವರು ಕಡಿಮೆ. ಹಳೆಯ ಒಂದು ಫೈಲು ತುರ್ತಿಗೆ ತೆರೆಯಲಿಲ್ಲ, ಅಷ್ಟೇ ಕಾರಣ. ಅದಕ್ಕೇ ನನ್ನ ಬದಲಾವಣೆಯನ್ನು ತಲೆಕೆಳಗಾದ ಕ್ರಮದಲ್ಲಿ ಮಾಡಿದೆ. ವಿಂಡೋಸಿನಲ್ಲೇ ಇದ್ದುಕೊಂಡು ಮೊದಲು ಫೈಲುಗಳನ್ನು ಮುಕ್ತ ಫಾರ್ಮ್ಯಾಟಿಗೆ ತಂದೆ, ಆಮೇಲೆ ದಿನಬಳಕೆಯ ತಂತ್ರಾಂಶಗಳನ್ನು ಬದಲಿಸಿದೆ, ಎಲ್ಲಕ್ಕಿಂತ ಕಡೆಗೆ ಸಿಸ್ಟಂ. ಈ ಮೂರರಲ್ಲಿ ಹೆಚ್ಚು ಶ್ರಮ ಬೇಡಿದ್ದು ಮೊದಲನೆಯದು. ಹೊಸ ಸಿಸ್ಟಂ ಹಾಕುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ಕನ್ನಡದಲ್ಲಿ ಬಹಳ ಕಾಲದಿಂದ ಟೈಪ್ ಮಾಡುತ್ತಿರುವವರಿಗೆ ಈ ಮೊದಲ ಹಂತ ಯಾಕೆ ದೊಡ್ಡದು ಎಂದು ಬಿಡಿಸಿ ಹೇಳಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಮಾನದಂಡ ಯೂನಿಕೋಡು. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ಆದರೆ ನಮ್ಮ ಕಂಪ್ಯೂಟರುಗಳಲ್ಲಿ ಅದು ಸರಿಯಾಗಿ ಮೂಡಲು ಇನ್ನೂ ವರ್ಷಗಳು ಬೇಕಾದವು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದ ಮೇಲೂ ಅಚ್ಚಿನ ಕೆಲಸ, ಕಚೇರಿ ಕೆಲಸಗಳೆಲ್ಲ ಹಳೆಯ ಫಾಂಟುಗಳಲ್ಲೇ ನಡೆಯುತ್ತಿದ್ದವು. ಆ ವ್ಯವಸ್ಥೆಯಲ್ಲಿ ಫೈಲಿನೊಳಗೆ ಕನ್ನಡವೇ ಇರುತ್ತಿರಲಿಲ್ಲ. ಇರುತ್ತಿದ್ದುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟು ಆ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಬಿಡಿಸಿ ತೋರಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಸಾಲುಗಳು. ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಆಗದು.

ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಸಿಗುತ್ತವೆ, ಮುಕ್ತವಾದವೂ ಇವೆ. ಪಠ್ಯವನ್ನು ಅಂಟಿಸಿ ಗುಂಡಿ ಒತ್ತಿದರೆ ಕನ್ನಡ ಬರುತ್ತದೆ. ಒಂದೆರಡು ಪುಟಕ್ಕೆ ಅದು ಸಾಕು. ವರ್ಷಗಟ್ಟಲೆಯ ಬರಹಕ್ಕೆ ಸಾಲದು. ಕಾರಣ ಸರಳ: ಕನ್ನಡದ ನಡುವೆ ಬಂದ ಇಂಗ್ಲಿಷ್ ಪದವೂ ಅದೇ ರೋಮನ್ ಸಂಕೇತಗಳಲ್ಲೇ ಇರುತ್ತದೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ತಿಳಿಸುವ ಗುರುತು ಒಂದೇ, ಆ ಪದಕ್ಕೆ ಹಾಕಿದ ಫಾಂಟಿನ ಹೆಸರು. ಬರೀ ಪಠ್ಯವಾಗಿ ನಕಲು ಮಾಡಿದ ತಕ್ಷಣ ಆ ಗುರುತು ಅಳಿಸಿಹೋಗುತ್ತದೆ, ಇಂಗ್ಲಿಷ್ ಪದಗಳೂ ಕನ್ನಡದ ತುಂಡುಗಳಾಗಿ ಬದಲಾಗುತ್ತವೆ.

ನಾನು ಮಾಡಿದ್ದು ಹೀಗೆ. ಮೊದಲು ಹಳೆಯ ಫಾಂಟುಗಳಿದ್ದ ಕಂಪ್ಯೂಟರಿನಲ್ಲೇ ಪ್ರತಿ ದಾಖಲೆಯನ್ನೂ ಫಾಂಟು ಒಳಗೇ ಸೇರಿರುವಂತೆ ಪಿಡಿಎಫ್ ಮಾಡಿಟ್ಟುಕೊಂಡೆ. ಮುಂದೆ ತಾಳೆ ನೋಡಲು ಇದೇ ಆಧಾರ. ಆಮೇಲೆ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶವನ್ನು ಕಿಟಕಿ ತೆರೆಯದೆ, ಆಜ್ಞೆಯ ಸಾಲಿನಿಂದಲೇ ಓಡಿಸಿ, ಇಡೀ ಫೋಲ್ಡರಿನ ಹಳೆಯ ದಾಖಲೆಗಳನ್ನು ಒಡಿಟಿಗೆ ಬದಲಿಸಿದೆ. ಒಡಿಟಿ ಸೇರಿರುವ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟು 2006ರಿಂದ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡ. ಒಡಿಟಿ ಫೈಲೆಂದರೆ ಒಂದು ಜಿಪ್ ಕಟ್ಟು. ಬಿಚ್ಚಿದರೆ ಒಳಗೆ ಗುರುತುಗಳ ಸಮೇತ ಪಠ್ಯವನ್ನು ಬರೆದಿಡುವ ಎಕ್ಸ್‌ಎಂಎಲ್ ಇದೆ, ಯಾವ ತುಂಡಿಗೆ ಯಾವ ಫಾಂಟು ಎಂಬುದು ಅಲ್ಲಿ ಓದಿಗೆ ಸಿಗುತ್ತದೆ. ಸಣ್ಣದೊಂದು ಪೈಥಾನ್ ಪ್ರೋಗ್ರಾಂ ಬರೆದು, ಹಳೆಯ ಕನ್ನಡ ಫಾಂಟಿರುವ ತುಂಡುಗಳನ್ನಷ್ಟೇ ಪರಿವರ್ತಿಸಿ, ಫಾಂಟಿನ ಹೆಸರನ್ನೂ ಬದಲಿಸಿ, ಕಟ್ಟನ್ನು ಮತ್ತೆ ಮುಚ್ಚಿದೆ. ಇಂಗ್ಲಿಷ್ ಪದಗಳು ಇದ್ದಂತೆಯೇ ಉಳಿದವು. ಮುಕ್ತ ಫಾರ್ಮ್ಯಾಟು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಯಾರ ಅಪ್ಪಣೆಯೂ ಬೇಡ, ಯಾವ ಗುಟ್ಟನ್ನೂ ಒಡೆಯಬೇಕಿಲ್ಲ.

ಪರಿವರ್ತನೆಯಲ್ಲಿ ಗಮನ ಕೊಡಬೇಕಾದ ಜಾಗಗಳು ಕೆಲವು ಇವೆ. ಅರ್ಕಾವೊತ್ತು ಎಲ್ಲಕ್ಕಿಂತ ಮುಖ್ಯ. "ಧರ್ಮ"ದಲ್ಲಿ ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮವನ್ನೇ ಉಳಿಸುತ್ತದೆ: ಧ, ಮ, ಕೊನೆಗೆ ಅರ್ಕಾವೊತ್ತು. ಯೂನಿಕೋಡು ಉಚ್ಚಾರದ ಕ್ರಮ ಹಿಡಿಯುತ್ತದೆ: ಧ, ರ, ಹಲಂತ, ಮ. ಅಂದರೆ ರಕಾರವನ್ನು ಹಿಂದಕ್ಕೆ ತರಬೇಕು, ಅದೂ ಒಂದು ಅಕ್ಷರದಷ್ಟಲ್ಲ, ಇಡೀ ಗುಂಪಿನ ಹಿಂದಕ್ಕೆ. "ಮರ್ತ್ಯ"ದಲ್ಲಿ ತಕಾರ, ಯ ಒತ್ತು ಎರಡನ್ನೂ ದಾಟಬೇಕು. ಎರಡನೆಯದು, "ಸಾಫ್ಟ್‌ವೇರ್" ತರಹದ ಪದಗಳು. ಅಲ್ಲಿ ಟ್ ಆದಮೇಲೆ ವಕಾರ ಒತ್ತಾಗಿ ಕೆಳಗಿಳಿಯಬಾರದು. ಹಾಗಾಗಿ ಹಲಂತದ ತುಂಡಿನ ಬೆನ್ನಿಗೇ ವ್ಯಂಜನ ಬಂದಲ್ಲಿ ನಡುವೆ ಕಣ್ಣಿಗೆ ಕಾಣದ ಸೊನ್ನೆ ಅಗಲದ ಬೇರ್ಪಡಿಕೆಯ ಸಂಕೇತವನ್ನು ಸೇರಿಸುವಂತೆ ಮಾಡಿದೆ. ಮೂರನೆಯದು ತಕ್ಷಣ ಹೊಳೆಯುವಂಥದ್ದಲ್ಲ. ದಾಖಲೆಯನ್ನು ಹಲವು ಸಲ ತಿದ್ದಿದ್ದರೆ ಒಂದೇ ಪದ ಎಕ್ಸ್‌ಎಂಎಲ್‌ನಲ್ಲಿ ಎರಡು ಮೂರು ತುಂಡಾಗಿರುತ್ತದೆ, ಅಕ್ಷರ ಒಂದರಲ್ಲಿ, ಅದರ ಒತ್ತು ಇನ್ನೊಂದರಲ್ಲಿ. ಒಂದೇ ಫಾಂಟಿನ ಅಕ್ಕಪಕ್ಕದ ತುಂಡುಗಳನ್ನು ಮೊದಲು ಕೂಡಿಸಿ ಆಮೇಲೆ ಪರಿವರ್ತಿಸಿದರೆ ಪದ ಒಡೆಯುವುದಿಲ್ಲ.

ಇಷ್ಟಾದ ಮೇಲೂ ಹುಡುಕಾಟದಲ್ಲಿ ಕೆಲವು ಪದಗಳು ಸಿಗದೆ ಇರಬಹುದು. ಯೂನಿಕೋಡಿನಲ್ಲಿ "ಕೋ" ಬರೆಯಲು ಓತ್ವದ ಒಂದೇ ಸಂಕೇತ ಬಳಸಬಹುದು, ಇಲ್ಲವೇ ಹ್ರಸ್ವದ ಚಿಹ್ನೆಗೆ ದೀರ್ಘದ ಚಿಹ್ನೆ ಸೇರಿಸಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪೈಥಾನಿನಲ್ಲಿ ಇದನ್ನು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತರಲು ಒಂದು ಸಾಲು ಸಾಕು. ಎಲ್ಲ ಫೈಲುಗಳನ್ನೂ ಅದರಿಂದ ಹಾಯಿಸಿದೆ. ಈಗ ಕಟ್ಟುಗಳ ಒಳಗಿನ ಪಠ್ಯದಲ್ಲಿ ಹುಡುಕುವ ಆಜ್ಞೆ ಕೊಟ್ಟರೆ ವರ್ಷಗಟ್ಟಲೆಯ ಬರಹದಲ್ಲಿ ಬೇಕಾದ ಪದ ಕ್ಷಣದಲ್ಲಿ ಸಿಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದ ಅತಿ ದೊಡ್ಡ ಲಾಭ ಇದು. ಲಿನಕ್ಸ್‌ಗೆ ಬರದಿದ್ದರೂ ಈ ಹಂತವನ್ನು ಎಲ್ಲರೂ ಮಾಡಬೇಕು ಎನ್ನುತ್ತೇನೆ.

ಚಿತ್ರ, ಹಾಡುಗಳಲ್ಲಿ ತೊಂದರೆ ಏನಿಲ್ಲ. ಲೆಕ್ಕದ ಹಾಳೆಗಳಲ್ಲಿ ಸೂತ್ರಗಳು ಬರುತ್ತವೆ. ಮ್ಯಾಕ್ರೋಗಳೆಂಬ ಸಣ್ಣ ಪ್ರೋಗ್ರಾಂಗಳಿದ್ದರೆ ಒಂದೊಂದಾಗಿ ಓಡಿಸಿ ನೋಡಬೇಕು.

ಎರಡನೆಯ ಹಂತ ಬೇಗ ಮುಗಿಯಿತು. ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆಆಫೀಸ್, ವಿಎಲ್‌ಸಿ, ಗಿಂಪ್, ಇಂಕ್‌ಸ್ಕೇಪ್ ಎಲ್ಲವೂ ವಿಂಡೋಸಿನಲ್ಲೂ ಓಡುತ್ತವೆ. ಕೈಗೆ ಅಭ್ಯಾಸವಾಗುವವರೆಗೆ ಅಲ್ಲೇ ಬಳಸಿದೆ. ಹೊಸ ತಂತ್ರಾಂಶ ಕಲಿಯುವುದು, ಹೊಸ ಸಿಸ್ಟಂ ಕಲಿಯುವುದು ಎರಡೂ ಒಟ್ಟಿಗೆ ತಲೆಯ ಮೇಲೆ ಬಂದರೆ ಯಾವ ತೊಂದರೆ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ. ಥಂಡರ್‌ಬರ್ಡಿನ ಪ್ರೊಫೈಲ್ ಫೋಲ್ಡರನ್ನು ಆಮೇಲೆ ಲಿನಕ್ಸ್‌ಗೆ ಹಾಗೇ ನಕಲು ಮಾಡಿದೆ. ಹಳೆಯ ಪತ್ರಗಳು, ವಿಳಾಸಗಳು ಎಲ್ಲ ಇದ್ದಲ್ಲೇ ಇದ್ದವು.

ಹೊರಡುವ ದಾರಿಯನ್ನು ಮೊದಲೇ ಇಟ್ಟುಕೊಳ್ಳಬೇಕು ಎನ್ನುವುದು ನನ್ನೊಬ್ಬನ ಹಟವಲ್ಲ, ಮುಕ್ತ ತಂತ್ರಾಂಶದ ಚರಿತ್ರೆಯೇ ಅದನ್ನು ಹೇಳುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಕೆಲಸಗಾರರು 2002ರಿಂದ ಬಿಟ್‌ಕೀಪರ್ ಎಂಬ ಮುಕ್ತವಲ್ಲದ ತಂತ್ರಾಂಶದಲ್ಲಿ ತಮ್ಮ ಕೋಡನ್ನು ನಿರ್ವಹಿಸುತ್ತಿದ್ದರು. 2005ರಲ್ಲಿ ಅದರ ಉಚಿತ ಬಳಕೆ ನಿಂತಾಗ ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಅದರ ಜಾಗಕ್ಕೆ ಗಿಟ್ ಬರೆಯಬೇಕಾಯಿತು. ಅವರಿಗೆ ಅದು ಸಾಧ್ಯವಾಯಿತು, ನನಗೂ ನಿಮಗೂ ಆಗದು. 2010ರಲ್ಲಿ ಓಪನ್‌ಆಫೀಸಿನ ಆಡಳಿತದ ಬಗ್ಗೆ ವಿಶ್ವಾಸ ಹೋದಾಗ ಅದರ ಕೆಲಸಗಾರರು ಕೋಡನ್ನು ತೆಗೆದುಕೊಂಡು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಬಳಸುವವರ ದಾಖಲೆಗಳಿಗೆ ಏನೂ ಆಗಲಿಲ್ಲ, ಫಾರ್ಮ್ಯಾಟು ಅದೇ ಇತ್ತು. ಲೈಸೆನ್ಸು ಹೊರಡುವ ಹಕ್ಕನ್ನು ಕೊಡುತ್ತದೆ, ಫಾರ್ಮ್ಯಾಟು ಹೊರಡುವಾಗ ಸಾಮಾನು ಒಯ್ಯಲು ಬಿಡುತ್ತದೆ. ಎರಡೂ ಬೇಕು.

ಇನ್ನು ಸಿಸ್ಟಂ. ಯಾವುದೇ ಡಿಸ್ಟ್ರೋವನ್ನು, ಅಂದರೆ ಲಿನಕ್ಸಿನ ಬಗೆಯನ್ನು, ಹಾರ್ಡ್ ಡಿಸ್ಕಿಗೆ ಇಳಿಸುವ ಮೊದಲು ಲೈವ್ ಯುಎಸ್‌ಬಿಯಿಂದ ಓಡಿಸಿ ನೋಡಿದೆ. ವೈಫೈ, ಧ್ವನಿ, ಕ್ಯಾಮೆರಾ ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಸಸ್ಪೆಂಡ್. ಮುಚ್ಚಳ ಮುಚ್ಚಿ ಒಂದು ಗಂಟೆ ಬಿಟ್ಟು ತೆರೆದು, ಬ್ಯಾಟರಿ ಎಷ್ಟು ಇಳಿದಿದೆ, ವೈಫೈ ಮತ್ತೆ ಸೇರಿಕೊಂಡಿತೇ ಎಂದು ನೋಡಬೇಕು. ಹೊರಗಿನ ಪರದೆಯನ್ನೂ ಜೋಡಿಸಿ ನೋಡಬೇಕು. ಪ್ರಿಂಟರ್ ಈಗ ಮುಂಚಿನ ತಲೆನೋವಲ್ಲ. ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಬೆಂಬಲಿಸುವ ಯಂತ್ರಕ್ಕೆ ಲಿನಕ್ಸಿನ ಮುದ್ರಣ ವ್ಯವಸ್ಥೆ ಕಪ್ಸ್ ಬೇರೆ ಡ್ರೈವರೇ ಇಲ್ಲದೆ ಅಚ್ಚು ಮಾಡುತ್ತದೆ.

ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುವವರು ಮೂರು ವಿಷಯ ಮೊದಲೇ ನೋಡಿಕೊಳ್ಳಿ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಂಡೇ ಕಂಪ್ಯೂಟರ್ ಶುರುವಾಗುವ ಬಗೆಯನ್ನು ನಿರ್ಧರಿಸುವ ಯುಇಎಫ್‌ಐ ಸೆಟ್ಟಿಂಗಿಗೆ ಕೈ ಹಾಕಬೇಕು. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ, ಆ ಡ್ರೈವಿನಲ್ಲಿ ಲಿನಕ್ಸ್ ಬರೆಯಲು ಒಪ್ಪುವುದಿಲ್ಲ. ಗಡಿಯಾರವೂ ಅಷ್ಟೇ. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯ ಎಂದುಕೊಳ್ಳುತ್ತದೆ, ಲಿನಕ್ಸ್ ಜಾಗತಿಕ ಸಮಯ (ಯುಟಿಸಿ) ಎಂದುಕೊಳ್ಳುತ್ತದೆ. ಒಂದು ಕಡೆ ಸರಿಪಡಿಸದಿದ್ದರೆ ಪ್ರತಿ ಸಲ ಸಮಯ ತಪ್ಪಿ ತೋರಿಸುತ್ತದೆ.

ನಾನು ಆರಿಸಿಕೊಂಡಿದ್ದು ಡೆಬಿಯನ್ ಸ್ಟೇಬಲ್. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಈ ಯೋಜನೆಯ ಹಿಂದೆ ಕಂಪನಿ ಇಲ್ಲ, ಸ್ವಯಂಸೇವಕರ ಸಮುದಾಯ ಇದೆ, ದೊಡ್ಡ ತೀರ್ಮಾನಗಳು ಮತದಿಂದ ಆಗುತ್ತವೆ. ವೈಫೈನಂಥ ಬಿಡಿಭಾಗಗಳನ್ನು ಓಡಿಸುವ ಮುಕ್ತವಲ್ಲದ ಫರ್ಮ್‌ವೇರನ್ನು ಇನ್‌ಸ್ಟಾಲರಿನಲ್ಲಿ ಸೇರಿಸಲು 2022ರಲ್ಲಿ ಅಲ್ಲಿ ಮತ ಬಿತ್ತು, 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಅದು ಜಾರಿಯಾಯಿತು. ತತ್ವ ಬಿಟ್ಟರು ಎಂದು ಬೇಸರಪಟ್ಟವರಿದ್ದಾರೆ. ನಾನು ಆ ತೀರ್ಮಾನದ ಪರ. ವೈಫೈ ಓಡದ ಕಂಪ್ಯೂಟರಿನ ಮುಂದೆ ಕೂತ ಹೊಸಬರಿಗೆ ತತ್ವದ ಮಾತು ಕೇಳಿಸುವುದಿಲ್ಲ.

ಸ್ಟೇಬಲ್‌ನಲ್ಲಿ ತಂತ್ರಾಂಶಗಳೆಲ್ಲ ಹಳೆಯವು ಎಂಬ ದೂರು ನಿಜ. ಅದೇ ಅದರ ಶಕ್ತಿಯೂ ಹೌದು ಎಂದು 2024ರ ಮಾರ್ಚಿನಲ್ಲಿ ಕಂಡೆವು. ಎಕ್ಸ್‌ಜೆಡ್ ಎಂಬ ಚಿಕ್ಕ ಸಂಕೋಚನ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅವರೂ ದಣಿದಿದ್ದರು. ಜಿಯಾ ತಾನ್ ಎಂಬ ಹೆಸರಿನಲ್ಲಿ ಬಂದ ಯಾರೋ ವರ್ಷಗಳ ಕಾಲ ನೆರವಾಗುತ್ತ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗಲು ಹಿಂಬಾಗಿಲು ಇಟ್ಟರು. ದೂರದ ಕಂಪ್ಯೂಟರನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ನಿಗೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಡೆಬಿಯನ್ನಿನ ಪ್ರಯೋಗದ ಶಾಖೆಗಳಿಗೆ ಅದು ಬಂದಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ. ಕೋಡು ಮುಕ್ತವಾಗಿದ್ದುದರಿಂದ ಅವರು ಬುಡದವರೆಗೆ ಹೋಗಿ ನೋಡಲು ಸಾಧ್ಯವಾಯಿತು, ಇದು ನಿಜ. ಇಡೀ ಲೋಕ ಬಳಸುವ ತಂತ್ರಾಂಶ ಒಬ್ಬ ದಣಿದ ಮನುಷ್ಯನ ಬಿಡುವಿನ ವೇಳೆಯ ಮೇಲೆ ನಿಂತಿತ್ತು, ಇದೂ ನಿಜ. ಎಲ್ಲರೂ ನೋಡಬಹುದು ಎಂದರೆ ಯಾರೋ ನೋಡುತ್ತಿದ್ದಾರೆ ಎಂದಲ್ಲ. ಅದರ ನಂತರ ನಾನು ದಿನವೂ ಬಳಸುವ ಸಣ್ಣ ಯೋಜನೆಗಳಿಗೆ ಹಣ ಕಳಿಸಲು ಶುರುಮಾಡಿದೆ. ದೊಡ್ಡ ಹೆಸರಿನವುಗಳಿಗೆ ಕೊಡುವವರು ಇದ್ದಾರೆ.

ಹೊಸ ಆವೃತ್ತಿ ಬೇಕೇ ಬೇಕಾದ ಕೆಲವನ್ನು ಮಾತ್ರ ಫ್ಲಾಟ್‌ಪ್ಯಾಕಿನಿಂದ ಹಾಕಿಕೊಂಡಿದ್ದೇನೆ. ಅದು ಡಿಸ್ಕಿನಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ಬುಡದ ಸಿಸ್ಟಮ್ಮನ್ನು ಮಾತ್ರ ಕದಲಿಸುವುದಿಲ್ಲ. ಡೆಸ್ಕ್‌ಟಾಪ್ ಕೆಡಿಇ. ಗ್ನೋಮ್ ಚೆನ್ನಾಗಿದೆ ಎನ್ನುವವರೊಡನೆ ವಾದಕ್ಕಿಳಿಯುವುದಿಲ್ಲ, ಯಾವಾಗ ಬೇಕಾದರೂ ಬದಲಿಸಬಹುದಾದ ವಿಷಯ ಅದು. ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿದರೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಒಳಗೆ ಓಡುವ ತಂತ್ರಾಂಶ ಹಾರ್ಫ್‌ಬಝ್‌ನದು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡೂ ಅದನ್ನೇ ಬಳಸುವುದರಿಂದ ಒಂದು ಕಡೆ ಸರಿಹೋದ ತೊಂದರೆ ಇನ್ನೊಂದು ಕಡೆಯೂ ಸರಿಹೋಗುತ್ತದೆ. ಕನ್ನಡ ಎಲ್ಲಾದರೂ ತಪ್ಪಾಗಿ ಮೂಡಿದರೆ ಆ ಪದ, ಫಾಂಟು, ಆವೃತ್ತಿ, ಪರದೆಯ ಚಿತ್ರ ಇಷ್ಟನ್ನು ಸೇರಿಸಿ ದೋಷವರದಿ ಕಳಿಸಿ. ಕೋಡು ಬರೆಯುವವರಲ್ಲಿ ಬಹಳ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ನಾವು ಹೇಳದಿದ್ದರೆ ಅವರಿಗೆ ಗೊತ್ತಾಗದು.

ವಿಂಡೋಸ್ ಪೂರ್ತಿ ಹೋಗಿಲ್ಲ. ಕೆವಿಎಂ ಬಳಸಿ ಲಿನಕ್ಸಿನ ಒಳಗೇ ಓಡಿಸುವ ಒಂದು ವರ್ಚುವಲ್ ಯಂತ್ರದಲ್ಲಿ, ನೆಟ್ ಸಂಪರ್ಕ ಇಲ್ಲದೆ, ಹಳೆಯ ಫಾಂಟುಗಳ ಸಮೇತ ಇದೆ. ಕಾರಣ ಪುಟ ಜೋಡಿಸುವ ಹಳೆಯ ತಂತ್ರಾಂಶದ ಪೇಜ್‌ಮೇಕರ್ ಫೈಲುಗಳು. ಹಳೆಯ ಮುಚ್ಚಿದ ಫಾರ್ಮ್ಯಾಟುಗಳನ್ನು ಬಿಡಿಸುವುದಕ್ಕೆಂದೇ 2014ರಲ್ಲಿ ಡಾಕ್ಯುಮೆಂಟ್ ಲಿಬರೇಷನ್ ಪ್ರಾಜೆಕ್ಟ್ ಶುರುವಾಯಿತು. ಅವರ ಲಿಬ್‌ಪೇಜ್‌ಮೇಕರ್ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ನನ್ನ ಫೈಲುಗಳಲ್ಲಿ ಸುಮಾರು ಪಠ್ಯ ಅದರಿಂದ ಹೊರಬಂದಿದೆ, ಪುಟದ ಜೋಡಣೆ ಬಂದಿಲ್ಲ. ಸದ್ಯ ವರ್ಚುವಲ್ ಯಂತ್ರದಿಂದ ಪಿಡಿಎಫ್ ತೆಗೆದು, ಪಠ್ಯವನ್ನು ಯೂನಿಕೋಡಿಗೆ ತಂದು, ಪುಟ ಜೋಡಿಸುವ ಮುಕ್ತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಪುಟಗಳನ್ನು ಹೊಸದಾಗಿ ಕಟ್ಟುತ್ತಿದ್ದೇನೆ. ಕೊನೆಯ ಫೈಲು ಆಗುವವರೆಗೆ ಆ ಯಂತ್ರ ಇರುತ್ತದೆ.