ಮೊದಲು ಕೋಟು, ಆಮೇಲೆ ಲಂಡನ್

ಮಗನ ಮನೆಗೋ ಮಗಳ ಮನೆಗೋ ಎಂದು ಲಂಡನ್ನಿಗೆ ಬಂದಿಳಿದ ನಮ್ಮ ಕಡೆಯ ಹೆಂಗಸರು ಮೊದಲ ಮೂರು ತಿಂಗಳು ಎಲ್ಲಿರುತ್ತಾರೆ ಎಂದು ಕೇಳಿದರೆ ಹುಡುಕದೆಯೇ ಹೇಳಬಲ್ಲೆ: ಮನೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕದ ಕುರ್ಚಿಯಲ್ಲಿ. ಊರಿನಲ್ಲಿ ಐದಕ್ಕೆ ಎದ್ದು ರಂಗೋಲಿ ಹಾಕಿ, ತರಕಾರಿಗೆ ಹೋಗಿ, ಸಂಜೆ ಭಜನೆ ಮುಗಿಸಿ, ದಾರಿಯಲ್ಲಿ ನಾಲ್ಕು ಮನೆಯ ಸುದ್ದಿ ಕೇಳಿಕೊಂಡು ಬರುತ್ತಿದ್ದವರೇ ಇಲ್ಲಿ ಮಗನ ಹಳೆಯ ಜಾಕೆಟ್ ಹೊದ್ದುಕೊಂಡು ಕಿಟಕಿ ನೋಡುತ್ತಾ ಕೂರುತ್ತಾರೆ. ಇಂಗ್ಲಿಷ್ ಬಾರದೆ ಹೆದರಿದ್ದಾರೆ ಎಂದು ಮಕ್ಕಳು ತಿಳಿಯುತ್ತಾರೆ. ಅದು ಅರ್ಧ ನಿಜ. ಇನ್ನರ್ಧ, ಹೊರಗೆ ಹಾಕಿಕೊಂಡು ಹೋಗಲು ಅವರ ಹತ್ತಿರ ಸರಿಯಾದ ಬಟ್ಟೆಯೇ ಇರುವುದಿಲ್ಲ.

ನಾನು ಸಾಗರದ ಕಡೆಯವಳು, ಲಂಡನ್ನಿನ ಹ್ಯಾರೋದಲ್ಲಿ ನೆಲೆಸಿ 28 ವರ್ಷವಾಯಿತು, ಈಗ 66. ಈ ಊರಿನಲ್ಲಿ ನನ್ನ ಬೀರುವಿನ ಮುಕ್ಕಾಲು ಪಾಲು ಬಟ್ಟೆ ಜನ ದಾನ ಕೊಟ್ಟದ್ದನ್ನು ಮಾರಿ ಸೇವಾಸಂಸ್ಥೆಗೆ ಹಣ ಕೂಡಿಸುವ ಚಾರಿಟಿ ಅಂಗಡಿಗಳದ್ದು, ಅಂದರೆ ಯಾರೋ ತೊಟ್ಟು ಬಿಟ್ಟದ್ದು. ಇದನ್ನು ಹೇಳಿದಾಗಲೆಲ್ಲ ಹೊಸದಾಗಿ ಬಂದ ಅಕ್ಕಂದಿರ ಮುಖ ಸ್ವಲ್ಪ ಹುಳ್ಳಗಾಗುತ್ತದೆ. ಆದ್ದರಿಂದ ಮೊದಲು ಅದನ್ನೇ ಮಾತಾಡಿಬಿಡೋಣ.

"ಯಾರದ್ದೋ ಮೈಲಿಗೆ", "ಸತ್ತವರದ್ದಿದ್ದರೆ?" ಎಂಬ ಎರಡು ಮಾತು ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸತ್ತವರದ್ದು ಇರಬಹುದು, ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಇಲ್ಲಿ ಮುದುಕರು ತೀರಿಕೊಂಡಾಗ ಮಕ್ಕಳು ಮನೆ ಖಾಲಿ ಮಾಡಿ ಬಟ್ಟೆಯನ್ನು ಈ ಅಂಗಡಿಗಳಿಗೇ ಕೊಡುತ್ತಾರೆ. ಅದು ಮನಸ್ಸಿಗೆ ಒಗ್ಗದವರು ಬಿಟ್ಟುಬಿಡಿ, ಬಲವಂತವಿಲ್ಲ. ಉಳಿದವರು ಅಕ್ಕನ ಲಂಗ ತಂಗಿಗೆ ಬಂದದ್ದನ್ನು, ಅಜ್ಜಿಯ ಸೀರೆ ಕೌದಿಯಾದದ್ದನ್ನು, ಹಳೆಯ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಂಡು ಚೌಕಾಸಿ ಮಾಡಿದ್ದನ್ನು ನೆನಪಿಸಿಕೊಳ್ಳಿ. ಮನೆಗೆ ತಂದು ಒಗೆದು ಬಿಸಿಲಿಗೆ ಹಾಕಿದರೆ ನನ್ನ ಮಟ್ಟಿಗೆ ಮೈಲಿಗೆ ಕಳೆಯಿತು. ಇಲ್ಲಿ ಬಿಸಿಲೆಲ್ಲಿದೆ ಎನ್ನುತ್ತೀರಾ? ರೇಡಿಯೇಟರಿನ ಮೇಲೆ ಹಾಕಿ.

ಇನ್ನೊಂದು ತಪ್ಪು ತಿಳಿವಳಿಕೆ, ಇವು ಬಡವರ ಅಂಗಡಿಗಳು ಎಂಬುದು. ಇಂಥ ಅಂಗಡಿ ನಡೆಸುವ ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆ ಹುಟ್ಟಿದ್ದು 1942ರಲ್ಲಿ ಆಕ್ಸ್‌ಫರ್ಡ್ ಊರಿನಲ್ಲಿ, ಯುದ್ಧದ ನಡುವೆ ಹಸಿವಿನಿಂದ ಸಾಯುತ್ತಿದ್ದ ಗ್ರೀಸಿನ ಜನರಿಗೆ ನೆರವು ಕಳಿಸಲು. ಆ ದಶಕ ಮುಗಿಯುವುದರೊಳಗೆ ಬ್ರಾಡ್ ಸ್ಟ್ರೀಟಿನಲ್ಲಿ ಅವರು ತೆರೆದ ಅಂಗಡಿ ಇವತ್ತಿಗೂ ಅಲ್ಲೇ ಇದೆ. ಈಗ ಪ್ರತಿ ಪೇಟೆಬೀದಿಯಲ್ಲೂ ಇಂಥವು ನಾಲ್ಕಾರು: ಹೃದಯರೋಗ ಸಂಶೋಧನೆಗೆ ಬ್ರಿಟಿಷ್ ಹಾರ್ಟ್ ಫೌಂಡೇಶನ್, ಕ್ಯಾನ್ಸರಿಗೆ ಕ್ಯಾನ್ಸರ್ ರಿಸರ್ಚ್ ಯುಕೆ, ಮಕ್ಕಳಿಗೆ ಬರ್ನಾರ್ಡೋಸ್, ನಮ್ಮಂಥ ವಯಸ್ಸಾದವರಿಗೆ ಏಜ್ ಯುಕೆ. ಕೊಳ್ಳಲು ಬರುವವರಲ್ಲಿ ಡಾಕ್ಟರೂ ಇದ್ದಾರೆ, ಟೀಚರೂ ಇದ್ದಾರೆ. ನೀವು ಕೊಟ್ಟ ಎಂಟು ಪೌಂಡ್ ಒಂದು ಒಳ್ಳೆಯ ಕೆಲಸಕ್ಕೆ ಹೋಗುತ್ತದೆ, ನಿಮಗೊಂದು ಉಣ್ಣೆಯ ಸ್ವೆಟರ್ ಸಿಗುತ್ತದೆ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಎಲ್ಲಿ ಹೋಗಬೇಕು? ಶ್ರೀಮಂತರ ಬೀದಿಗೆ. ಅವರ ಬೀರು ಖಾಲಿಯಾದಾಗ ಅಲ್ಲಿನ ಅಂಗಡಿ ತುಂಬುತ್ತದೆ. ಹ್ಯಾರೋದವರಾದರೆ ಪಿನ್ನರಿಗೆ ಹೋಗಿ, ಮೆಟ್ರೋಪಾಲಿಟನ್ ರೈಲಿನಲ್ಲಿ ಎರಡನೆಯ ನಿಲ್ದಾಣ. ಮೈತುಂಬ ಬಟ್ಟೆ ಬೇಕೆನ್ನುವ ನಮ್ಮಂಥವರಿಗೆ ಒಂದು ಗುಟ್ಟು ಹೇಳುತ್ತೇನೆ. ಹ್ಯಾರೋ ಮೂಲಕ ಹಾದುಹೋಗುವ 183ನೇ ನಂಬರಿನ ಬಸ್ಸಿನಲ್ಲಿ ಕೊನೆಯವರೆಗೆ ಕೂತರೆ ಗೋಲ್ಡರ್ಸ್ ಗ್ರೀನ್ ಸಿಗುತ್ತದೆ. ಅಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ಬಹಳ. ಆ ಹೆಂಗಸರು ಮಂಡಿ ದಾಟಿದ ಲಂಗ, ಮೊಣಕೈ ದಾಟಿದ ತೋಳು ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಅವರ ನಡುವಿನ ಅಂಗಡಿಗಳಲ್ಲಿ ನನಗೆ ಸಿಕ್ಕಷ್ಟು ಉದ್ದ ಲಂಗಗಳು ಬೇರೆಲ್ಲೂ ಸಿಕ್ಕಿಲ್ಲ. ನಮ್ಮ ಮುಸ್ಲಿಂ ಅಕ್ಕಂದಿರಿಗೂ ಇದೇ ದಾರಿ ಹೇಳಿಕೊಟ್ಟಿದ್ದೇನೆ. ಮರ್ಯಾದೆಯ ಉಡುಪು ಎಂದರೆ ಏನು ಎಂಬುದರಲ್ಲಿ ಮೂರು ಧರ್ಮದ ಅಜ್ಜಿಯರಿಗೂ ಒಂದೇ ಅಭಿಪ್ರಾಯ, ಗಡಿ ಮಾತ್ರ ಎರಡು ಇಂಚು ಆಚೆ ಈಚೆ.

ಈಗ ಕೋಟು. ಇದಕ್ಕೆ ನಾನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಾನೇ ಇದರಲ್ಲಿ ನಗೆಪಾಟಲಾದವಳು. ಬಂದ ಮೊದಲ ಚಳಿಗಾಲದಲ್ಲಿ ಒಂದು ಅಂಗಡಿಯಲ್ಲಿ ಕುಂಕುಮ ಬಣ್ಣದ, ಪಾದದವರೆಗೆ ಬರುವ, ಮೆತ್ತಗಿನ ಕೋಟು ಕಣ್ಣಿಗೆ ಬಿತ್ತು. ಸೀರೆಯ ಮೇಲೆ ತೊಟ್ಟರೆ ನೆರಿಗೆಯೂ ಮುಚ್ಚುತ್ತಿತ್ತು. ಆರು ಪೌಂಡ್. ಹತ್ತು ದಿನ ಹೆಮ್ಮೆಯಿಂದ ಅದನ್ನೇ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತೆ. ಹನ್ನೊಂದನೆಯ ದಿನ ಪಕ್ಕದ ಮನೆಯ ಅಜ್ಜಿ ನನ್ನ ತೋಳು ಹಿಡಿದು, ಯಾರಿಗೂ ಕೇಳಿಸದ ಹಾಗೆ, ಇದು ಸ್ನಾನ ಮಾಡಿ ಬಂದ ಮೇಲೆ ಮನೆಯೊಳಗೆ ಹಾಕಿಕೊಳ್ಳುವ ಡ್ರೆಸ್ಸಿಂಗ್ ಗೌನ್ ಎಂದು ಹೇಳಿದಳು. ಆಮೇಲೆ ತಾನೇ ನನ್ನನ್ನು ಕರೆದುಕೊಂಡು ಹೋಗಿ ಕೋಟು ಕೊಡಿಸಿದಳು. ನೀವು ಮೋಸಹೋಗಬೇಡಿ. ಮುಂಭಾಗದಲ್ಲಿ ಗುಂಡಿ ಇಲ್ಲದೆ, ಸೊಂಟದಲ್ಲಿ ಅದೇ ಬಟ್ಟೆಯ ಪಟ್ಟಿ ಕಟ್ಟುವಂತಿದ್ದು, ಒಳಗೆ ಅಸ್ತರಿಯೂ ಇಲ್ಲದಿದ್ದರೆ ಅದು ಮನೆಯೊಳಗಿನದ್ದು.

ಒಳ್ಳೆಯ ಕೋಟಿಗೆ ಅಸ್ತರಿ ಇರುತ್ತದೆ. ತಿರುಗಿಸಿ ಕಂಕುಳಿನ ಬಳಿ ಹರಿದಿದೆಯೇ ನೋಡಿ. ಜಿಪ್ಪನ್ನು ಎರಡು ಸಲ ಮೇಲೆ ಕೆಳಗೆ ಎಳೆಯಿರಿ, ಅದನ್ನು ಬದಲಿಸಲು ಕೋಟಿನಷ್ಟೇ ಹಣ ಬೇಕಾಗುತ್ತದೆ. ಒಳಗಿನ ಚೀಟಿ ಓದಿ: ಡ್ರೈ ಕ್ಲೀನ್ ಮಾತ್ರ ಎಂದಿದ್ದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡು ಯೋಚಿಸಿ. ವಾಟರ್‌ಪ್ರೂಫ್ ಎಂದರೆ ಮಳೆ ತಡೆಯುತ್ತದೆ, ಶವರ್‌ಪ್ರೂಫ್ ಎಂದರೆ ತುಂತುರು ಮಾತ್ರ. ಟೋಪಿ ಇರುವುದನ್ನೇ ಆರಿಸಿ, ಇಲ್ಲಿನ ಗಾಳಿ ಛತ್ರಿಯನ್ನು ಉಳಿಸುವುದಿಲ್ಲ. ನೀವು ಐದಡಿ ಮೂರಂಗುಲದೊಳಗಿನವರಾದರೆ ಪೆಟೀಟ್ ಎಂದು ಬರೆದದ್ದನ್ನು ಹುಡುಕಿ, ತೋಳು ಬೆರಳಿನ ತುದಿ ಮುಚ್ಚದೆ ಮಣಿಕಟ್ಟಿನಲ್ಲಿ ನಿಲ್ಲುತ್ತದೆ. ಅಳತೆಯ ನಂಬರನ್ನು ನಂಬಬೇಡಿ. ಒಂದು ಕಂಪನಿಯ 14 ಇನ್ನೊಂದರ 16 ಇರುತ್ತದೆ, ಅಮೆರಿಕದ 8 ಇಲ್ಲಿನ 12, ಯುರೋಪಿನ 40. ನಾಚಿಕೆ ಬಿಟ್ಟು ಹಾಕಿ ನೋಡಿ, ಅದೂ ಒಳಗೆ ಸ್ವೆಟರ್ ಇರುವಾಗಲೇ.

ಸೀರೆಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಹಬ್ಬಕ್ಕೆ, ಕನ್ನಡ ಬಳಗದ ಕಾರ್ಯಕ್ರಮಕ್ಕೆ, ದೇವಸ್ಥಾನಕ್ಕೆ ಉಡಿ, ಜೋರಾಗಿ ಉಡಿ. ನವೆಂಬರಿನಿಂದ ಮಾರ್ಚಿನವರೆಗೆ ದಿನವೂ ಉಟ್ಟು ನಡೆಯಲು ಹೋಗಬೇಡಿ. ಅಂಚು ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಎಲೆ ಬಿದ್ದ ಹಾದಿಯಲ್ಲಿ ಜಾರಿ ಸೊಂಟ ಮುರಿದುಕೊಂಡವರನ್ನು ಕಂಡಿದ್ದೇನೆ. ನಾನು ಕಂಡುಕೊಂಡದ್ದು ಹೀಗೆ: ಮೈಗೆ ಅಂಟಿದ ಹಾಗೆ ಒಂದು ತೆಳು ಥರ್ಮಲ್ ಮೇಲಂಗಿ, ಕಾಲಿಗೆ ದಪ್ಪ ಲೆಗ್ಗಿಂಗ್ಸ್, ಅದರ ಮೇಲೆ ಕಣಕಾಲಿನವರೆಗಿನ ಉಣ್ಣೆಯ ಲಂಗ ಅಥವಾ ಊರಿನ ಚೂಡಿದಾರದ ಮೇಲಂಗಿ, ಮೇಲೆ ಕಾರ್ಡಿಗನ್ (ಮುಂದೆ ಗುಂಡಿ ಇರುವ ಸ್ವೆಟರ್), ಆಮೇಲೆ ಕೋಟು. ಪದರ ಪದರವಾಗಿ ಹಾಕಿಕೊಂಡರೆ ಬಸ್ಸಿನ ಸೆಕೆಗೆ ಒಂದೊಂದೇ ಕಳಚಬಹುದು. ಹತ್ತಿ ಬಟ್ಟೆ ಒಳಗೆ ಬೇಡ, ಬೆವರು ಹೀರಿ ಅದೇ ತಣ್ಣಗಾಗುತ್ತದೆ.

ಕಾರ್ಡಿಗನ್ನಿಗೆ ಗಂಡಸರ ಸಾಲಿಗೆ ಹೋಗಿ. ತೊಟ್ಟವರ ಬಲಗಡೆ ಗುಂಡಿ ಇರುವುದು ಗಂಡಸರದ್ದು, ಎಡಗಡೆಯದ್ದು ಹೆಂಗಸರದ್ದು. ಯಾರೂ ಅದನ್ನು ನೋಡುವುದಿಲ್ಲ, ಜೇಬು ಮಾತ್ರ ಗಂಡಸರದ್ದರಲ್ಲೇ ಆಳ. ಒಳ್ಳೆಯ ಉಣ್ಣೆ ಗುರುತಿಸಲು ಮೆರೀನೊ, ಲ್ಯಾಂಬ್ಸ್‌ವುಲ್, ಕ್ಯಾಶ್ಮೀರ್ ಎಂಬ ಮೂರು ಪದ ಕಲಿತರೆ ಸಾಕು. ಅಕ್ರಿಲಿಕ್ ಎಂದಿದ್ದರೆ ಉಣ್ಣೆಯಲ್ಲ, ಬೇಗ ಜುಂಗು ಏಳುತ್ತದೆ. ಬೆಳಕಿಗೆ ಹಿಡಿದು ನುಸಿ ತಿಂದ ತೂತು ಇದೆಯೇ ನೋಡಿ. ಮನೆಗೆ ತಂದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡುತ್ತೇನೆ, ನುಸಿಯ ಮೊಟ್ಟೆ ಸಾಯುತ್ತದೆ. ಬಟಾಣಿಯ ಪಕ್ಕ ಸ್ವೆಟರ್ ಕಂಡು ಸೊಸೆ ಮೊದಲು ಹೌಹಾರಿದ್ದಳು, ಈಗ ತನ್ನದನ್ನೂ ಇಡುತ್ತಾಳೆ. ಒಗೆಯುವುದು 30 ಡಿಗ್ರಿ ಮೀರಬಾರದು, ಒಣಗಿಸುವುದು ಮಲಗಿಸಿ, ನೇತುಹಾಕಿ ಅಲ್ಲ.

ಎರಡು ವಸ್ತುಗಳನ್ನು ಮಾತ್ರ ಹಳೆಯದು ಕೊಳ್ಳಬೇಡಿ. ಒಳಉಡುಪು, ಅದನ್ನು ಹೇಳಬೇಕಿಲ್ಲ. ಇನ್ನೊಂದು ಚಪ್ಪಲಿ, ಬೂಟು. ಬೇರೆಯವರ ಪಾದಕ್ಕೆ ಸವೆದ ಅಟ್ಟೆ ನಮ್ಮ ಮಂಡಿಗೆ ಹೊಂದುವುದಿಲ್ಲ. ಕೋಟಿನಲ್ಲಿ ಉಳಿಸಿದ ಹಣವನ್ನು ಅಲ್ಲಿ ಹಾಕಿ. ಉದ್ದ ಕಡಿಮೆ ಮಾಡಿಸುವುದು, ತೋಳು ಹಿಡಿಸುವುದು ಇದ್ದರೆ ವೆಂಬ್ಲಿಯ ಈಲಿಂಗ್ ರೋಡಿಗೆ ಹೋಗಿ, ಸೀರೆ ಅಂಗಡಿಗಳ ನಡುವೆ ನಮ್ಮ ದೇಶದ ದರ್ಜಿಗಳು ಸಿಗುತ್ತಾರೆ.

ಕೋಟು ಬಂತು, ಇನ್ನು ಹೊರಡಿ. ಲಂಡನ್ನಿನಲ್ಲೇ ನೆಲೆಸಿರುವ 60 ದಾಟಿದವರಿಗೆ 60ಪ್ಲಸ್ ಆಯ್‌ಸ್ಟರ್ ಎಂಬ ಪ್ರಯಾಣದ ಕಾರ್ಡ್ ಉಂಟು. ವಾರದ ದಿನ ಬೆಳಿಗ್ಗೆ 9ರ ಮೇಲೆ, ಶನಿವಾರ ಭಾನುವಾರ ಇಡೀ ದಿನ ಬಸ್ಸು, ಟ್ಯೂಬು ಎಂಬ ನೆಲದಡಿಯ ರೈಲು ಪುಕ್ಕಟೆ. ಆರು ತಿಂಗಳ ವೀಸಾದಲ್ಲಿ ಬಂದವರಿಗೆ ಇದು ಸಿಗದು. ಅವರು ಬಸ್ಸು ಹಿಡಿಯಿರಿ: ಮೊದಲ ಸಲ ಸಾಮಾನ್ಯ ಆಯ್‌ಸ್ಟರ್ ಕಾರ್ಡ್ ತಾಗಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ಹಣವಿಲ್ಲ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಚಿಲ್ಲರೆ ಹಿಡಿದು ನಿಲ್ಲಬೇಡಿ. ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ; ಮೊದಲ ದಿನದ ನಡಿಗೆಗೆ ಅಲ್ಲಿಗೇ ಹೋಗಿ, ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ಶನಿವಾರ ಬೆಳಿಗ್ಗೆ 9ಕ್ಕೆ ಊರೂರಿನ ಪಾರ್ಕುಗಳಲ್ಲಿ ಪಾರ್ಕ್‌ರನ್ ನಡೆಯುತ್ತದೆ, 5 ಕಿಲೋಮೀಟರ್, ಹಣವಿಲ್ಲ. ಹೆಸರು ಓಟದ್ದಾದರೂ ನಡೆಯುವವರಿಗೂ ಜಾಗವಿದೆ, ಎಲ್ಲರಿಗಿಂತ ಹಿಂದೆ ಬರಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾನೆ. ನಾನು ಅವನ ಜೊತೆ ಹವಾಮಾನದ ಮಾತಾಡುತ್ತಾ ಬಹಳ ಇಂಗ್ಲಿಷ್ ಕಲಿತೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಆದ್ದರಿಂದ ಹೊರಗಿನ ಕೆಲಸ ಮಧ್ಯಾಹ್ನಕ್ಕೇ ಮುಗಿಸಿ. ಮೈತುಂಬ ಬಟ್ಟೆ ಹಾಕುವ, ಕಪ್ಪು ಮೈಬಣ್ಣದ ನಮಗೆ ಬಿಸಿಲು ಸಾಲುವುದಿಲ್ಲ. ಇಲ್ಲಿನ ಆರೋಗ್ಯ ಇಲಾಖೆಯೇ ನಮ್ಮಂಥವರು ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಮ್ ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಯೋಚಿಸಿ ಎನ್ನುತ್ತದೆ. ಬೇರೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳಿ.

ಇಷ್ಟಾದ ಮೇಲೂ ದಿನ ಉದ್ದವೆನಿಸಿದರೆ ಚಾರಿಟಿ ಅಂಗಡಿಯಲ್ಲೇ ಕೆಲಸಕ್ಕೆ ಸೇರಿ. ಸಂಬಳವಿಲ್ಲ, ಚಹಾ ಇದೆ. ನಾನು ಪ್ರತಿ ಮಂಗಳವಾರ ಹಿಂದಿನ ಕೋಣೆಯಲ್ಲಿ ಬಂದ ಚೀಲಗಳನ್ನು ಬಿಚ್ಚಿ, ಚೆನ್ನಾಗಿದ್ದುದಕ್ಕೆ ಹಬೆಯ ಇಸ್ತ್ರಿ ಹಿಡಿದು, ಕೆಟ್ಟದ್ದನ್ನು ತೂಕದ ಲೆಕ್ಕದ ಚಿಂದಿಗೆ ಎಸೆಯುತ್ತೇನೆ. ಕೋಟಿನ ಜೇಬಿನಲ್ಲಿ ಕರವಸ್ತ್ರ, ಪೆಪ್ಪರಮಿಂಟು, ಒಮ್ಮೆ ಒಂದು ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಭೇಟಿಯ ವೀಸಾದವರು ನೋಂದಾಯಿತ ಸಂಸ್ಥೆಯಲ್ಲಿ ಒಟ್ಟು 30 ದಿನಕ್ಕಿಂತ ಹೆಚ್ಚು ಹೀಗೆ ದುಡಿಯುವಂತಿಲ್ಲ, ಅದನ್ನು ಮೊದಲೇ ಹೇಳಿಬಿಡಿ. ನಿಮ್ಮ ಬಟ್ಟೆ ಕೊಡುವಾಗ ಗಿಫ್ಟ್ ಏಡ್ ಎಂದು ಕೇಳುತ್ತಾರೆ. ಇಲ್ಲಿ ತೆರಿಗೆ ಕಟ್ಟುವ ಮಗನೋ ಮಗಳೋ ತಮ್ಮದೇ ಬಟ್ಟೆಯನ್ನು ತಮ್ಮ ಹೆಸರಿನಲ್ಲಿ ಕೊಟ್ಟರೆ ಮಾರಿದ ಒಂದೊಂದು ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ.

ಕೊನೆಗೆ, ಇನ್ನೂ ಊರಿನಲ್ಲೇ ಇದ್ದು ಸೂಟ್‌ಕೇಸ್ ಕಟ್ಟುತ್ತಿರುವವರಿಗೆ. ಬೆಂಗಳೂರಿನಲ್ಲಿ ಕೊಂಡ ಮಂಕಿಟೋಪಿ, ಶಾಲು, ಜರ್ಕಿನ್ ತರಬೇಡಿ, ತೂಕ ದಂಡ. ಬದಲು ಹತ್ತಿಯ ನೈಟಿ, ಲಂಗದ ಲಾಡಿ, ರವಿಕೆಯ ಕೊಕ್ಕೆ, ಸಣ್ಣ ಪಿನ್ನಿನ ಎರಡು ಡಬ್ಬಿ ತನ್ನಿ. ಇಲ್ಲಿನ ಪಿನ್ನು ದಪ್ಪ, ರೇಷ್ಮೆಯಲ್ಲಿ ತೂತು ಬೀಳುತ್ತದೆ.